ನಿಂತೇ ಉಣ್ಣುತ್ತಿದ್ದವಳು

ನಮ್ಮ ಎದುರು ಮನೆಯ ಸೊಸೆ ಕುಳಿತು ಉಂಡದ್ದನ್ನು ನಾನು ಕಂಡಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಬೇಯುತ್ತಿದ್ದರೆ, ಇನ್ನೊಂದರಲ್ಲಿ ಬದನೆಕಾಯಿ ಪಲ್ಯ ಸುತ್ತಿಕೊಂಡು ಗ್ಯಾಸ್ ಕಟ್ಟೆಯ ಮುಂದೆ ನಿಂತೇ ತಿನ್ನುತ್ತಿದ್ದಳು. ಸಕ್ಕರೆ ಕಾಯಿಲೆಯವಳು. ಹೊತ್ತಿಗೆ ಸರಿಯಾಗಿ ಕುಳಿತು ಉಣ್ಣಬೇಕೆಂದು ಡಾಕ್ಟರು ಹೇಳಿದ್ದರು. ನಾನು ಗದರಿದರೆ, “ಇದೊಂದು ರೊಟ್ಟಿ ಆಗ್ಲಿ ತಡೀ ಬೇ, ಆಯಿ” ಎನ್ನುತ್ತಿದ್ದಳು. ಎಂಟು ಮಂದಿಯ ಮನೆಯಲ್ಲಿ ಆ ಒಂದು ರೊಟ್ಟಿ ಮುಗಿಯುತ್ತಲೇ ಇರಲಿಲ್ಲ.

ಒಂದು ದಿನ ನಾನು ಅವರ ಅಡುಗೆಮನೆಯಲ್ಲಿ ಕುಳಿತಿದ್ದಾಗ ಅವಳ ಅತ್ತೆ ಮೊಬೈಲು ನೋಡಿ ನಕ್ಕಳು. ಅದರ ವೀಡಿಯೊದಲ್ಲಿ ಅಮೆರಿಕದ ಹೆಂಗಸೊಬ್ಬಳು ಕಾರಿನಲ್ಲೇ ಬ್ರೆಡ್ಡು ತಿನ್ನುತ್ತಿದ್ದಳು.

“ಒಲಿ ಹಚ್ಚಾಕ ಬ್ಯಾಸರ. ಮನ್ಯಾಗ ಕುಂತು ಉಣ್ಣೂ ನಸೀಬ ಇಲ್ಲ ನೋಡ ಇವಕ್ಕ.”

ನಾನೂ ನಕ್ಕೆ. ಸೊಸೆ ಬಗ್ಗಿ ಮೊಬೈಲು ನೋಡಿದಳು. ಬಾಯಲ್ಲಿ ತುತ್ತಿತ್ತು.

“ಅತ್ತಿ, ಆಕಿ ಕಾರಿನ್ಯಾಗರ ಕುಂತು ತಿನ್ನಾಕತ್ತಾಳಲ್ರಿ.”

ನಾನು ಕೂತಿದ್ದ ಮಣೆಯಿಂದ ಎದ್ದು ಅದನ್ನು ಸೊಸೆಯ ಕಡೆಗೆ ಸರಿಸಿದೆ. ಅವಳು ಅದರ ಮೇಲೆ ಹಿಟ್ಟು ನಾದುವ ಪರಾತ ಇಟ್ಟಳು.