ಜೊಂಡು ನನ್ನದಲ್ಲ ಎಂದವಳು

ಕೆರೆಯ ಹಿಂದಿನ ಬೀದಿಯಲ್ಲಿ ಅವಳನ್ನು ಎಲ್ಲರೂ ಜೊಂಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದುದರಿಂದ ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಕಿವಿಗೆ ರೂಢಿಯಾಯಿತು. ಕೆರೆಯಂಚಿನ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆಯುವುದು ಅವಳ ಕೆಲಸ. ಆ ಬೀದಿಯ ಇನ್ನೂ ನಾಲ್ಕು ಮನೆಗಳದ್ದೂ ಅದೇ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ತಂಗಿ ಬೇರೆಲ್ಲೂ ಹೋಗದೆ ಅತ್ತಿಗೆಯ ಜೊತೆಗೇ ಉಳಿದಳು. ಇಬ್ಬರಿಗೂ ಸೇರಿ ಇದ್ದದ್ದು ಒಂದು ಕೋಣೆ, ಒಂದು ಮಗ್ಗ. ಗೋಡೆಯುದ್ದಕ್ಕೂ ಸುರುಳಿ ಸುತ್ತಿದ ಚಾಪೆಗಳು ಸೂರಿನವರೆಗೆ ನಿಂತಿರುತ್ತಿದ್ದವು. ಅಲ್ಲಿ ಕೂತು ಟೀ ಕುಡಿದವರು ಮನೆಗೆ ಹೋಗಿ ಬಟ್ಟೆಯಿಂದ ಹುಲ್ಲಿನ ಎಳೆ ಕೀಳಬೇಕಾಗುತ್ತಿತ್ತು.

ಕೊಯ್ಲಿನ ವಿಷಯದಲ್ಲಿ ಅವಳು ಎರಡು ಮಾತಿನಲ್ಲಿ ಬಹಳ ಕಟ್ಟುನಿಟ್ಟು. ನೀರಿನ ಮಟ್ಟದಿಂದ ಒಂದು ಗೇಣು ಮೇಲೆಯೇ ಕೊಯ್ಯಬೇಕು. ಕೆಳಗೆ ಕೊಯ್ದರೆ ದಂಟಿನೊಳಗೆ ನೀರು ಇಳಿದು ಬೇರು ಕೊಳೆಯುತ್ತದೆ. ಇನ್ನೊಂದು, ಹೊಸ ಪೊದೆಗೆ ಕೈ ಹಾಕುವ ಮೊದಲು ಕುಡುಗೋಲಿನ ಹಿಡಿಯಿಂದ ಎರಡು ಸಲ ತಟ್ಟಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು.

ಆ ತಟ್ಟುವುದನ್ನು ನೋಡಿಯೇ ಮೇಷ್ಟ್ರು ಅವಳ ಬಳಿಗೆ ಬಂದದ್ದು. ಪೇಟೆಯ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುವವರು. ದೂರದೇಶದಲ್ಲಿ ಓದಿ ಬಂದವರು. ಭೂಮಿಯ ಮೇಲಿನ ಗಿಡ, ನೀರು, ಪ್ರಾಣಿಗಳ ಜೊತೆ ಮನುಷ್ಯ ಹೇಗೆ ನಡೆದುಕೊಳ್ಳಬೇಕು, ಅದರ ಬಗ್ಗೆ ಪೂರ್ವದವರು ಏನು ಹೇಳಿದ್ದಾರೆ, ಪಶ್ಚಿಮದವರು ಏನು ಹೇಳಿದ್ದಾರೆ ಎಂದು ಪುಸ್ತಕ ಬರೆಯುತ್ತಿದ್ದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕೆಸರಿನಲ್ಲಿ ನಿಂತು ಕೇಳಿದರು.

"ಅನುಮತಿ ಕೇಳ್ತಿದ್ದೀರಾ ಅಕ್ಕ?"

"ಯಾರ್ನ?"

"ಜೊಂಡನ್ನ. ಕೊಯ್ಯೋಕೆ ಮುಂಚೆ."

"ಅಯ್ಯೋ, ಹಾವಿದ್ರೆ ಹೋಗ್ಲಿ ಅಂತ ತಟ್ಟೋದು. ಹಕ್ಕಿ ಕೂತಿದ್ರೆ ಎದ್ದು ಹೋಗ್ಲಿ ಅಂತ. ಒಂದ್ಸಲ ತಟ್ಟದೆ ಕೈ ಹಾಕಿ ಮೂರು ದಿನ ಆಸ್ಪತ್ರೆಲಿ ಮಲಗಿದ್ದೆ."

ಮೇಷ್ಟ್ರು ನಕ್ಕರು. ಆದರೂ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಆಮೇಲೆ ಎರಡು ವರ್ಷ ಬರುತ್ತಲೇ ಇದ್ದರು. ಕುಡಿದ ಲೋಟವನ್ನು ತಾವೇ ತೊಳೆದಿಡುತ್ತಿದ್ದರು. ಜೊಂಡಿನ ಹೊರೆ ಎತ್ತಿಕೊಡಲು ಹೋಗಿ ತಾವೇ ನೀರಿಗೆ ಬಿದ್ದ ದಿನ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಜೊಂಡಕ್ಕನಿಗೆ ತಮ್ಮಂದಿರಿರಲಿಲ್ಲ. ಮೇಷ್ಟ್ರು ಬರುವ ದಿನ ಅವಳು ಮಗ್ಗದ ಪಕ್ಕದ ಜಾಗ ಗುಡಿಸಿ ಇಡುತ್ತಿದ್ದಳು.

ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. "ಒಂದು ಕಡೆಯವರು ಹೇಳ್ತಾರೆ, ಮನುಷ್ಯ ಭೂಮಿಗೆ ಒಡೆಯ ಅಲ್ಲ, ನೋಡಿಕೊಳ್ಳೋ ಮೇಲ್ವಿಚಾರಕ ಅಷ್ಟೇ ಅಂತ," ಎನ್ನುತ್ತಿದ್ದರು ಮೇಷ್ಟ್ರು. "ಇನ್ನೊಂದು ಕಡೆಯವರು, ಎಲ್ಲಾ ಜೀವವೂ ಒಂದೇ, ನಾನು ಬೇರೆ ಜೊಂಡು ಬೇರೆ ಅನ್ನೋದೇ ಭ್ರಮೆ ಅಂತಾರೆ."

"ಒಂದೇ ಆಗಿದ್ರೆ, ಕುಡುಗೋಲು ನನ್ನ ಬೆರಳಿಗೆ ತಾಗಿದಾಗ ಜೊಂಡು ಯಾಕೆ ಅಯ್ಯೋ ಅನ್ನಲ್ಲ?"

"ಮತ್ತೆ ಕೆಲವರು, ಏನನ್ನೂ ಬಲವಂತ ಮಾಡ್ಬೇಡ, ನೀರಿನ ಹಾಗೆ ಸುಮ್ಮನೆ ಹರಿದುಕೊಂಡಿರು ಅಂದರು."

"ಅವರ ಮನೆಲಿ ಅಡುಗೆ ಮಾಡೋರು ಬೇರೆ ಯಾರೋ ಇದ್ದಿರಬೇಕು," ಎಂದಳು ನಾದಿನಿ ಮಗ್ಗದಿಂದ ತಲೆ ಎತ್ತದೆ.

ಮೇಷ್ಟ್ರು ಮನಸಾರೆ ನಕ್ಕು, ಅದನ್ನೂ ಬರೆದುಕೊಂಡರು. ಆಮೇಲೆ ಗಂಭೀರವಾಗಿ, "ನೀವು ಹೇಳಿ ಅಕ್ಕ. ಈ ಜೊಂಡು ಯಾರದು?" ಎಂದರು.

ಜೊಂಡಕ್ಕ ಹೆಣೆಯುವುದನ್ನು ನಿಲ್ಲಿಸಿ ಯೋಚಿಸಿದಳು. ಅವಳು ತಮಾಷೆಗೆ ಉತ್ತರ ಹೇಳುವವಳಲ್ಲ. "ಜೊಂಡು ನನ್ನದಲ್ಲ ಮೇಷ್ಟ್ರೇ. ಅದು ಕೆರೇದು. ಆದ್ರೆ ಮಗೂ ತಲೆ ಬಾಚಿದ ಹಾಗೆ ವರ್ಷಕ್ಕೊಂದ್ಸಲ ಅದನ್ನ ಬಾಚೋದು ನಾವೇ. ನಾವು ಬಿಟ್ರೆ ಅದು ಒಂದರ ಮೇಲೊಂದು ಬಿದ್ದು, ಕೊಳೆತು, ಕೆರೇನೇ ಮುಚ್ಚಿಬಿಡುತ್ತೆ. ಅದಕ್ಕೆ ನಾವು ಬೇಕು, ನಮಗೆ ಅದು ಬೇಕು."

ಮೇಷ್ಟ್ರ ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿದಳು. ಅಂಥ ಮಾತನ್ನು ತಾನು ಎಷ್ಟೋ ಪುಸ್ತಕಗಳಲ್ಲಿ ಹುಡುಕಿದ್ದೆ ಎಂದರು ಅವರು. ಆ ದಿನವೆಲ್ಲ ಜೊಂಡಕ್ಕನ ಕೈ ಮಗ್ಗದ ಮೇಲೆ ಹಗುರವಾಗಿ ಓಡಿತು.

ಮುಂದಿನ ವರ್ಷ ನೀರು ಇಳಿದು ಕೊಯ್ಲು ಶುರುವಾಗುವ ಹೊತ್ತಿಗೆ ಕೆರೆಯ ಸುತ್ತ ಕಂಬಗಳು ಬಂದವು. ಕಂಬದಿಂದ ಕಂಬಕ್ಕೆ ತಂತಿ ಬಂತು. ಕೆರೆ ಇನ್ನು ಮುಂದೆ ಸಂರಕ್ಷಿತ ಪ್ರದೇಶ, ಒಳಗೆ ಯಾರೂ ಏನನ್ನೂ ಕೊಯ್ಯಬಾರದು ಎಂದು ಹಲಗೆ ತೂಗುಹಾಕಿದರು. ಆಕ್ಷೇಪಣೆ ಇದ್ದವರು ಇಂಥ ದಿನ ಕಚೇರಿಗೆ ಬರಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಐದು ಮನೆಯವರೂ ಕೂಡಿ ಮಾತಾಡಿ, ತಮ್ಮ ಪರವಾಗಿ ಜೊಂಡಕ್ಕನೇ ಹೋಗಲಿ ಎಂದರು. ಮೇಷ್ಟ್ರು ಅವಳಿಗೆ ಗೊತ್ತಲ್ಲ, ಕೆರೆಯ ವಿಷಯ ತೀರ್ಮಾನಿಸುವ ಸಮಿತಿಯಲ್ಲಿ ಅವರೂ ಇದ್ದಾರಂತೆ, ನಾಲ್ಕು ಮಾತು ನಮ್ಮ ಪರ ಆಡುತ್ತಾರೆ ಎಂದು ಎಲ್ಲರಿಗೂ ಧೈರ್ಯ. ಎಲ್ಲರಿಗಿಂತ ಹೆಚ್ಚು ಧೈರ್ಯ ಜೊಂಡಕ್ಕನಿಗೇ ಇತ್ತು.

ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಸಾಹೇಬರು, ಅವರ ಎಡಕ್ಕೆ ಮೇಷ್ಟ್ರು. ಮೇಷ್ಟ್ರು ಅವಳನ್ನು ನೋಡಿ ತಲೆಯಾಡಿಸಿ, ಮುಂದಿದ್ದ ಕಾಗದಗಳನ್ನು ಸರಿ ಮಾಡತೊಡಗಿದರು. ಜೊಂಡಕ್ಕ ನಾದಿನಿಯ ಕೈ ಹಿಡಿದು ಎದುರಿನ ಬೆಂಚಿನ ಮೇಲೆ ಕೂತಳು.

ಸಾಹೇಬರು ಮೇಷ್ಟ್ರು ಬರೆದುಕೊಟ್ಟ ವರದಿ ತೆರೆದು ಓದಿದರು. "ಇಲ್ಲಿ ಮಾಹಿತಿದಾರೆ ಮೂರು ಅಂತ ಇದೆಯಲ್ಲ, ಅದು ನೀವೇನಾ?"

"ಹಂಗಂದ್ರೆ?"

"ಮೇಷ್ಟ್ರಿಗೆ ಹೇಳಿಕೆ ಕೊಟ್ಟೋರು. ಕೇಳಿ: 'ಈ ಜನ ಕೊಯ್ಯುವ ಮೊದಲು ಸಸ್ಯದ ಅನುಮತಿ ಕೇಳುತ್ತಾರೆ. ಒಡೆತನದ ಕಲ್ಪನೆ ಇವರಲ್ಲಿಲ್ಲ. ಮಾಹಿತಿದಾರೆ ಮೂರರ ಮಾತಿನಲ್ಲೇ ಹೇಳುವುದಾದರೆ, ಜೊಂಡು ನನ್ನದಲ್ಲ. ಆದ್ದರಿಂದ ಸಂರಕ್ಷಣೆಗೆ ಇವರ ಕಡೆಯಿಂದ ಹಕ್ಕಿನ ತಕರಾರು ಏಳುವ ಸಂಭವವಿಲ್ಲ.' ಈ ಮಾತು ನೀವು ಆಡಿದ್ದು ಹೌದಾ?"

ನಾದಿನಿ ಅವಳ ಅಂಗೈಯನ್ನು ಉಗುರಿನಿಂದ ಒತ್ತಿದಳು. ಇಲ್ಲ ಅನ್ನು, ಎಂದು ಅದರ ಅರ್ಥ.

"ಆಡಿದ್ದೆ," ಎಂದಳು ಜೊಂಡಕ್ಕ. "ಆದ್ರೆ ಅದರ ಹಿಂದೇನೇ ಇನ್ನೂ ಹೇಳಿದ್ದೆ. ಮೇಷ್ಟ್ರಿಗೆ ಗೊತ್ತು. ಮೇಷ್ಟ್ರೇ, ಮುಂದಿನ ಮಾತೂ ಓದಿ."

ಸಾಹೇಬರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅನೇಕ ಸಲ ಮಾತುಕತೆ ಆಗಿದೆ. ಎಲ್ಲವನ್ನೂ ವರದಿಗೆ ಹಾಕೋಕಾಗಲ್ಲ. ಒಟ್ಟು ಭಾವ ಇದೇ."

"ಒಟ್ಟು ಭಾವ ಅದಲ್ಲ ಮೇಷ್ಟ್ರೇ," ಎಂದಳು ಅವಳು. ದನಿ ಏರಲಿಲ್ಲ. ಈಗಲಾದರೂ ಹೇಳುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ವರದಿಯ ಮುಂದಿನ ಪುಟ ತಿರುವಿದರು.

"ಆಡಿದ್ದು ಹೌದು ಅಂದ್ರಲ್ಲ, ಅಷ್ಟು ಸಾಕು," ಎಂದ ಸಾಹೇಬರು, ತಕರಾರಿಲ್ಲ ಎಂದು ಬರೆದುಕೊಂಡರು.

ಹೊರಗಿನ ಪಡಸಾಲೆಯಲ್ಲಿ ಮೇಷ್ಟ್ರು ಹಿಂದೆಯೇ ಓಡಿ ಬಂದರು. "ಅಕ್ಕ, ಒಂದ್ನಿಮಿಷ ನಿಲ್ಲಿ. ಕೆರೆ ಮುಚ್ಚಿ ಮನೆ ಕಟ್ಟೋರು ಬಾಗಿಲಲ್ಲೇ ನಿಂತಿದ್ರು. ಜನ ಕೊಯ್ಯೋ ಜಾಗ ಅಂತ ಬರೆದಿದ್ರೆ, ಇದೇನು ಕಾಡಾ, ಬರೀ ಬಳಸೋ ಜಾಗ ಅಂತ ಸರ್ಕಾರದೋರು ಅವರಿಗೆ ಕೊಟ್ಟುಬಿಡ್ತಿದ್ರು. ತನ್ನಷ್ಟಕ್ಕೆ ತಾನೇ ಬೆಲೆಯುಳ್ಳದ್ದು, ಯಾರ ಹಂಗೂ ಇಲ್ಲದ್ದು ಅಂತ ತೋರಿಸಿದ್ರೇನೇ ಉಳಿಯೋದು. ನಿಮ್ಮ ಮಾತಿನಿಂದ್ಲೇ ಕೆರೆ ಉಳೀತು."

"ಇದನ್ನ ನನಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಒಪ್ತಿರಲಿಲ್ಲ."

"ನಾನು ಜೊಂಡನ್ನ ಕೇಳಿ ಕೊಯ್ತೀನಿ ಅಂತ ಬರೆದ್ರಿ. ನೀವು ನನ್ನ ಕೇಳಿದ್ರಾ?"

ಮೇಷ್ಟ್ರು, "ಅಕ್ಕ..." ಎಂದು ಒಂದು ಹೆಜ್ಜೆ ಹತ್ತಿರ ಬಂದರು.

"ಅಕ್ಕ ಅನ್ಬೇಡಿ. ಮಾಹಿತಿದಾರೆ ಮೂರು ಅನ್ನಿ. ಬರೆದದ್ದೇ ಸರಿ," ಎಂದು ಅವಳು ಮೆಟ್ಟಿಲಿಳಿದಳು.

ದಾರಿಯಲ್ಲಿ ನಾದಿನಿ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ತಿರುವಿನಲ್ಲಿ ಒಮ್ಮೆಲೇ ನಿಂತಳು. "ಇಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅತ್ತಿಗೆ? ಅವರು ಅಲ್ಲಿ ಕೂತು ಬಾಯಿ ಮುಚ್ಕೊಂಡ್ರು, ನಿಂಗೊಬ್ಳಿಗೇ ಸತ್ಯ ಬೇಕಾಯ್ತಾ?"

"ಆಡಿದ ಮಾತು ಆಡಿಲ್ಲ ಅಂತ ಹೆಂಗೆ ಹೇಳ್ಲಿ?"

"ಬಾಯಿಂದ ಹೇಳೋದು. ಎಲ್ಲರೂ ಹೇಳ್ತಾರೆ," ಎಂದು ನಾದಿನಿ ಅತ್ತಳು. ಆ ತಿಂಗಳೇ ಅವಳು ಪೇಟೆಯ ಇಸ್ತ್ರಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಮಗ್ಗದ ಒಂದು ತುದಿ ಖಾಲಿಯಾಯಿತು. ಜೊಂಡಕ್ಕ ಪ್ಲಾಸ್ಟಿಕ್ ಪಟ್ಟಿ ತಂದು ಒಬ್ಬಳೇ ಹೆಣೆಯಲು ನೋಡಿದಳು. ಪಟ್ಟಿ ಬೆರಳನ್ನು ಕೊಯ್ಯುತ್ತಿತ್ತು, ಹೆಣಿಗೆ ಬಿಗಿಯಾಗಿ ಕೂರುತ್ತಿರಲಿಲ್ಲ.

ಮೇಷ್ಟ್ರು ಎರಡು ಸಲ ಬಂದರು. ಎರಡು ಸಲವೂ ಅವಳು ಒಳಗೇ ಇದ್ದಳು, ಬಾಗಿಲು ತೆರೆಯಲಿಲ್ಲ. ತನಗೆ ಮೋಸವಾಯಿತು ಎಂಬ ಮಾತನ್ನು ದಿನವೆಲ್ಲ ಒಳಗೊಳಗೇ ಮಗುಚುತ್ತಿದ್ದಳು. ತಾನು ಅವರಿಗೆ ಕೂರಲು ಕೊಟ್ಟ ಜಾಗ, ಟೀ, ನೀರಿಗೆ ಬಿದ್ದಾಗ ಕೈಹಿಡಿದು ಎತ್ತಿದ್ದು, ಒಂದೊಂದೂ ನೆನಪಾಗುತ್ತಿತ್ತು. ತಾನೊಬ್ಬಳೇ ಮೋಸಹೋದವಳು ಎಂದು ಅವಳಿಗೆ ಖಾತ್ರಿಯಾಗಿತ್ತು.

ಒಂದು ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ಪಕ್ಕದ ಮನೆಯ ಮುದುಕಿ ಸಿಕ್ಕಿದಳು. ಜೊಂಡು ಕೊಯ್ಯುವುದನ್ನು ಜೊಂಡಕ್ಕನಿಗೆ ಕಲಿಸಿದವಳೇ ಅವಳು. ಆ ಐದು ಮನೆಗಳಲ್ಲಿ ಎಲ್ಲರಿಗಿಂತ ಹಿರಿಯಳು. ಕಚೇರಿಯ ದಿನದಿಂದ ಮಾತು ಬಿಟ್ಟಿದ್ದಳು. ಆ ದಿನ ತಾನಾಗಿಯೇ ಬಾಯಿ ಬಿಟ್ಟಳು.

"ಜೊಂಡು ನಿಂದಲ್ಲ ಅಂದ್ಯಂತೆ. ಸರಿ, ನಿಂದಲ್ಲ. ಅದನ್ನ ಒಪ್ಕೊಂಡು ಬರೋಕೆ ಮುಂಚೆ ನಮ್ಮನ್ನ ಒಂದ್ಮಾತು ಕೇಳಿದ್ಯೇನೆ?"

ಜೊಂಡಕ್ಕನ ಕೊಡ ತುಂಬಿ ಚೆಲ್ಲುತ್ತಿತ್ತು. ಅವಳು ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿದಳು. ಬಗ್ಗಿ ಮುದುಕಿಯ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ಮುದುಕಿ ಅದನ್ನು ಈಚೆಗೆ ಎಳೆದುಕೊಂಡು, ನೀರಿನಲ್ಲಿ ಒಮ್ಮೆ ತೊಳೆದು, ಮತ್ತೆ ತಾನೇ ಇಟ್ಟುಕೊಂಡಳು.