ಅವ್ವ ತಿಕ್ಕಲೊಲ್ಲೆ ಅಂದ ಹೊಟ್ಟಿ

ನಮ್ಮವ್ವ ಪದ್ಮವ್ವ ಮನೋಳಿಯೊಳಗ ಬಟ್ಟಿ, ಅಂದ್ರ ಸರದ ಹೊಕ್ಕಳ, ತಿಕ್ಕತಾಳ. ಭಾರ ಎತ್ತಿದರ, ಜಿಗದಾಡಿದರ ಹೊಕ್ಕಳ ಜಾಗಾ ಬಿಟ್ಟು ಸರೀತೈತಿ, ಎಣ್ಣಿ ಹಚ್ಚಿ ತಿಕ್ಕಿದರ ಮತ್ತ ಕುಂದ್ರತೈತಿ ಅಂತ ನಮ್ಮ ಕಡೆ ಮಂದಿ ನಂಬಿಕಿ. ಹೊಟ್ಟಿ ನೋವು ಅಂದ್ರ ಸಾಕು, ಬಟ್ಟಿ ಅಂತಾವ ಮುಂಡೇವು! ಅವ್ವ ಮಾತ್ರ ಕೈ ಹಚ್ಚೂಕಿಂತ ಮೊದಲ ಕೇಳತಾಳ: ಏನ ಉಂಡಿ? ಹೊರಕಡಿ ಆಗೈತೋ ಇಲ್ಲೋ? ಭಾಳ ಮಂದಿಗೆ, "ಗ್ಯಾಸ್ ಐತಿ, ಹೋಗ. ಅಜವಾನ ಕುದಿಸಿ ಕುಡಿ, ಎರಡ ದಿನ ಖಾರ ಬಿಡು, ಗಂಜಿ ಉಣ್ಣು" ಅಂತ ಬೈದು ಕಳಸತಾಳ.

ಕೆಂಚವ್ವಾರ ದೊಡ್ಡ ಮನಿಗೆ ಮಾತ್ರ ಹಿತ್ತಲ ಬಾಗಲದಿಂದ ಹೋಗಬೇಕು. ಹೊಟ್ಟಿ ಮುಟ್ಟಬಹುದು, ನೀರಿನ ಕೊಡ ಮುಟ್ಟಬಾರದು. ಎಲ್ಲಿ ನ್ಯಾಯರೀ ಇದು? "ಹೋಗಬ್ಯಾಡವ್ವಾ" ಅಂತ ನಾ ಎಷ್ಟ ಬಡಕೊಂಡ್ರೂ ಕೇಳಂಗಿಲ್ಲ.

ಹೋದ ಪಂಚಮಿಗೆ ಕೆಂಚವ್ವಾರ ಸೊಸಿ ನಾಗರತ್ನಾಗ ಹೊಟ್ಟಿ ನೋವು ಅಂತ ಕರೆ ಬಂತು. ನಾನೂ ಜೋಡಿ ಹೋದೆ.

"ಜೋಕಾಲಿ ಜೀಕಿ ಬಟ್ಟಿ ಸರದೈತಿ, ತಿಕ್ಕು" ಅಂದ್ರು ಕೆಂಚವ್ವಾರು.

ಅವ್ವ ಮುಟ್ಟಿ, ಕೇಳಿ ನೋಡಿದಳು. ಹಿಂದಿನ ದಿನ ಹೊಕ್ಕಳ ಸುತ್ತ ಇದ್ದ ನೋವು ಬಲಕ್ಕ ಕೆಳಗ ಇಳದಿತ್ತು. ಮೈ ಕಾದಿತ್ತು, ನೀರ ಕುಡದ್ರೂ ವಾಂತಿ. ಅವ್ವ ಎದ್ದ ನಿಂತಳು.

"ಇದು ಬಟ್ಟಿ ಅಲ್ಲರಿ. ಈಗಿಂದೀಗ ಸವದತ್ತಿ ದವಾಖಾನಿಗೆ ಒಯ್ಯಿರಿ."

"ಹಬ್ಬದಾಗ ದವಾಖಾನಿ? ಸೊಕ್ಕ ಬಂದೈತೇನ ನಿನಗ? ತಿಕ್ಕಂದ್ರ ತಿಕ್ಕು!" ಅಂತ ಎಣ್ಣಿ ಬಟ್ಟಲಾ ಮುಂದ ದಬ್ಬಿದರು.

ಅವ್ವ ಆ ಬಟ್ಟಲಾ ಎತ್ತಿ ಬಚ್ಚಲದಾಗ ಸುರುವಿದಳು. "ಬ್ಯಾರೆ ಯಾರರ ತಿಕ್ಕಾಕ ಬಂದ್ರ ಅವರ ಕೈ ಮುರೀತೇನಿ" ಅಂದಳು. ಆ ಮನ್ಯಾಗ ಅವ್ವ ದನಿ ಏರಿಸಿದ್ದು ಅದ ಮೊದಲ. ನಾಗರತ್ನಾ "ಅತ್ತೀ, ನಾ ಸಾಯತೇನ್ರಿ" ಅಂತ ಅಳಾಕ ಹತ್ತಿದಳು. ಆಕಿ ಗಂಡ ಮಹಾದೇವ ಓಡಿ ಹೋಗಿ ಗಾಡಿ ತಂದ. ಕೆಂಚವ್ವಾರೂ ಗೊಣಗಿಕೋತ ಹತ್ತಿದರು; ನಾಗರತ್ನಾ ಅವ್ವನ ಕೈ ಬಿಡಲಿಲ್ಲ ಅಂತ ನಾವೂ ಗಾಡಿ ಹತ್ತಿದ್ವಿ.

ಆಪರೇಶನ್ ಆದ ಮ್ಯಾಲ ಡಾಕ್ಟರ್ ಹೊರಗ ಬಂದ್ರು. "ಅಪೆಂಡಿಕ್ಸ್ ಬಾತಿತ್ತು. ತಿಕ್ಕಿಸಿದ್ರ ಒಡದು ಜೀವಕ್ಕ ಬರತಿತ್ತು. ದವಾಖಾನಿಗೆ ಒಯ್ಯಿರಿ ಅಂದವರು ಯಾರು?"

"ನಮಗ ತಿಳೀತ್ರಿ, ತಂದ್ವಿ" ಅಂದ್ರು ಕೆಂಚವ್ವಾರು.

ಅವ್ವ ಅಲ್ಲೇ ಬಾಗಲದಾಗ ನಿಂತಿದ್ದಳು! ನನಗ ಪಿತ್ತ ನೆತ್ತಿಗೇರಿತು. "ನಾಚಿಕಿ ಆಗಂಗಿಲ್ಲೇನ್ರಿ..." ಅಂತ ಬಾಯಿ ತಗದೆ. ಅವ್ವ ನನ್ನ ರಟ್ಟಿ ಹಿಡದು ಹೊರಗ ಎಳಕೊಂಡ ಬಂದಳು.

"ಸುಮ್ಮನಿರ ಪ್ರಜ್ಞಾ. ಹುಡುಗಿ ಉಳದಳಲ್ಲ, ಸಾಕು."

ಅವ್ವಗ ಸಾಕು. ನನಗ ಸಾಕಾಗಿಲ್ಲ.