ಟಿಕೆಟ್ ಕೊಡದ ಸಾವಿತ್ರವ್ವ

ನ್ಯೂರೆಂಬರ್ಗಿನಲ್ಲಿ ಯು-ಬಾನ್ ಎಂಬ ನೆಲದಡಿಯ ರೈಲಿನ ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಸಾವಿತ್ರವ್ವನ ಕಿಯೋಸ್ಕ್. ಪೇಪರು, ಸಿಗರೇಟು, ಪಾರ್ಸೆಲ್ಲು, ಲಾಟರಿ, ಎಲ್ಲಕ್ಕೂ ಅವಳೊಬ್ಬಳೇ. ಜರ್ಮನ್ ಆಡಿದರೂ ಬಾಗಲಕೋಟೆಯ ಗತ್ತು ಬಿಟ್ಟವಳಲ್ಲ. ಹತ್ತೊಂಬತ್ತು ವರ್ಷ ಲಾಟರಿ ಮಾರಿದ್ದಾಳೆ, ತನಗಂತ ಒಂದೂ ಕೊಂಡಿಲ್ಲ. ಯಾಕವ್ವಾ ಅಂದರೆ ಸಾಕು, ಶುರು.

"ಹತ್ತಾರು ದೇಶದ ಮಂದಿ ರೊಕ್ಕ ಹಾಕ್ತಾರ, ಫಿನ್‌ಲ್ಯಾಂಡಿನ್ಯಾಗ ಅಂಕಿ ಬರದ ಚೆಂಡು ಎತ್ತತಾರ. ಬಂದ ರೊಕ್ಕದಾಗ ಅರ್ಧ ಬಹುಮಾನಕ್ಕ. ಉಳಿದದ್ದು ಸರ್ಕಾರಕ್ಕ, ಒಂಚೂರು ನನಗ. ದೊಡ್ಡದು ಹೊಡಿಯೂದು ಹದಿನಾಲ್ಕು ಕೋಟಿಗೆ ಒಂದು. ಇಡೀ ಕರ್ನಾಟಕದ ಮಂದೀನ ಎರಡೆರಡು ಸಲ ಪಾಳಿಗೆ ನಿಂದರಿಸಿದ್ರೂ ಇನ್ನೂ ಜಾಗಾ ಉಳೀತದ!"

ಇಷ್ಟು ಕೇಳಿಯೂ ಟಿಕೆಟ್ ಕೊಳ್ಳುತ್ತಿದ್ದವನು ಗದಗಿನ ಸಿದ್ದಲಿಂಗೇಶ. ಕಾರಿನ ಬಿಡಿಭಾಗದ ಕಂಪನಿಯೊಂದು ಅವನನ್ನು ಮನೆಗೆ ಕಳಿಸಿ ಎರಡು ತಿಂಗಳಾಗಿತ್ತು. ಇನ್ನೊಂದು ತಿಂಗಳಲ್ಲಿ ಕೆಲಸ ಸಿಗದಿದ್ದರೆ ವೀಸಾ ಹೋಯಿತು, ಹೆಂಡತಿ ಮಗಳ ಸಮೇತ ಗಂಟುಮೂಟೆ ಕಟ್ಟಬೇಕು. ಮೊದಲು ವಾರಕ್ಕೊಂದು ಟಿಕೆಟ್ ಕೊಳ್ಳುತ್ತಿದ್ದವನು ಈಗ ಹತ್ತಕ್ಕೆ ಬಂದಿದ್ದ.

ಜೂನ್ ತಿಂಗಳ ಒಂದು ಮಂಗಳವಾರ ಐದು ಗಂಟೆಗೆ ಓಡೋಡಿ ಬಂದ. "ಲಗೂನ ಕೊಡ್ರಿ ಅಕ್ಕಾರ, ಐದೂಕಾಲಿಗೆ ರಾಹುಕಾಲ ಹತ್ತತದ!"

"ಮಂಗಳವಾರದ ರಾಹುಕಾಲ ಮೂರಕ್ಕಲ್ಲೇನೋ?"

"ಅದು ಊರಾಗ. ಇಲ್ಲಿ ಹದಿನಾರು ತಾಸು ಹಗಲು. ಮೊಬೈಲ್ ಪಂಚಾಂಗದಾಗ ಏಳೂಕಾಲ್ ತನಕಾ ತೋರಸ್ತದ. ಅದಕ್ಕ ಇಂಟರ್‌ವ್ಯೂನೂ ನಾಳೆ ಇಡ್ರಿ ಅಂತ ಮೇಲ್ ಬರದೀನಿ. ಇನ್ನ ಕಳಸಿಲ್ಲ, ಈಗ ಕಳಸತೀನಿ."

ಸಾವಿತ್ರವ್ವನ ಕೈ ಲಾಟರಿ ಮಷೀನಿನ ಮೇಲೇ ನಿಂತಿತು. "ಯಾವ ಇಂಟರ್‌ವ್ಯೂ?"

"ಮ್ಯೂನಿಕ್ ಕಂಪನೀದು. ಲಾಸ್ಟ್ ರೌಂಡ್, ಐದೂವರೆಗೆ ವಿಡಿಯೋ ಕಾಲ್. ಐದು ಮಂದಿ ಉಳದೀವಿ."

ಶಿವನೇ! ಅರ್ಧ ಗಂಟೆ ಮೊದಲು ದಿನ ಬದಲಿಸಿ ಎಂದರೆ ಜರ್ಮನ್ನರು ಸುಮ್ಮನಿರುತ್ತಾರೆಯೇ? ಸಾವಿತ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಅವನು ಅಂಕಿ ಗುರುತಿಸಿ ಕೊಟ್ಟಿದ್ದ ಚೀಟಿಗಳನ್ನು ಹಿಂದಕ್ಕೆ ತಳ್ಳಿದಳು.

"ಟಿಕೆಟ್ ಇಲ್ಲ, ಹೋಗು."

"ಅಕ್ಕಾರ!"

"ಈಗ ನೋಡು, ಊರ ಮಂದಿಯೆಲ್ಲಾ ಕೆಲಸ ಮುಗಿಸಿ ನನ್ನ ಅಂಗಡಿಗೆ ಬರೂದು ನಿನ್ನ ರಾಹುಕಾಲದಾಗನ. ಹೊಡದವರಿಗೆ ಹೊಡದೈತಿ, ಹೋದವರಿಗೆ ಹೋಗೈತಿ. ರಾಹು ಯಾರನ್ನೂ ಕೇಳಿಲ್ಲ. ಹದಿನಾಲ್ಕು ಕೋಟಿಗೆ ಒಂದಕ್ಕ ಓಡಿ ಬರ್ತಿ, ಐದ್ರಾಗ ಒಬ್ಬ ಆಗಾಕ ಅಂಜತಿ. ಇಂಜಿನಿಯರ್ ಅಂತ ಇಂಜಿನಿಯರ್! ನಡಿ ಒಳಗ!"

ಅವನು ಬಾಯಿ ತೆರೆಯುವ ಮೊದಲೇ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಪಾರ್ಸೆಲ್ ಡಬ್ಬಿಗಳ ನಡುವೆ ಕುರ್ಚಿ ಹಾಕಿ ಕೂರಿಸಿದಳು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆಸಿದಳು. ಆ ಮೇಲ್ ಅವನು ತನ್ನೆದುರಿಗೇ ಅಳಿಸಿದ ಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಗಲಾಟೆ ಮಾಡಿದ ಗಿರಾಕಿಗಳಿಗೆಲ್ಲ ಏಳರವರೆಗೂ ಬೈಗುಳವೇ ಬಹುಮಾನ.

ಶುಕ್ರವಾರ ಸಿದ್ದಲಿಂಗೇಶ ಬಂದ. ಮುಖ ನೋಡಿದೊಡನೆ ಅವಳಿಗೆ ಗೊತ್ತಾಯಿತು.

"ಸಿಕ್ತ್ರಿ ಅಕ್ಕಾರ. ಮುಂದಿನ ತಿಂಗಳು ಒಂದನೇ ತಾರೀಕಿಗೆ ಜಾಯಿನ್." ಕಣ್ಣು ಒರೆಸಿಕೊಂಡು ಕೇಳಿದ, "ಒಂದ್ ಮಾತ್ರಿ. ನಿಮ್ಮ ಯಾಪಾರಕ್ಕ ನೀವ ಕಲ್ಲು ಹಾಕ್ಕೊಂಡ್ರಿ. ನನಗಾಗಿ ಯಾಕ?"

ಅಷ್ಟು ಹೊತ್ತಿನ ಗತ್ತು ಎಲ್ಲಿ ಹೋಯಿತೋ. ಸಾವಿತ್ರವ್ವ ಪೇಪರು ಜೋಡಿಸುತ್ತ ಮೆಲ್ಲಗೆ ಹೇಳಿದಳು.

"ನಮ್ಮಣ್ಣ ಊರಾಗ ಒಂದಂಕಿ ಲಾಟರಿ ಆಡಿ ಮನಿ ಕಳಕೊಂಡ, ಆಮ್ಯಾಲೆ ಜೀವಾನೂ ಕಳಕೊಂಡ. ಟಿಕೆಟ್ ಮಾರಾಂವ ಅವನ ಜೀವದ ಗೆಳೆಯ. ದಿನಾ ಚಾ ಕುಡಿಸಿ ಮಾರಿದ. ಒಂದ್ ದಿನಾನೂ ಬ್ಯಾಡೋ ಅನ್ಲಿಲ್ಲ, ತಮ್ಮಾ."